ಅರವತ್ತು ನಿಮಿಷದ ಸಿಕ್ಕಾ

ದೊಡವಾಡದಿಂದ ಮೊದಲ ಬಸ್ಸಿನಲ್ಲಿ ನಿಂತೇ ಬರುವ ಮಾಯವ್ವನ ಗುಡಿಸಿ ಒರೆಸುವ ಕೆಲಸ ಶುರುವಾಗುವುದು ಎರಡು ಕೊಡ ನೀರಿನಿಂದ. ಬೈಲಹೊಂಗಲದ ನಿಜಗುಣಪ್ಪ ಸಾವಕಾರರ ಹೊಲಿಗೆ ಕಾರ್ಖಾನೆ ಮೂರನೇ ಮಹಡಿಯಲ್ಲಿ, ನಳ ಕೆಳಗೆ, ಸಾವಕಾರರು ಕೂತು ಲೆಕ್ಕ ನೋಡುವ ಗಾದಿಯೂ ಕೆಳಗೆ. ಮೇಲೆ ನಲವತ್ತು ಹೆಂಗಸರು ಮೊಣಕಾಲೆತ್ತರದ ಬಟ್ಟೆಯ ಗುಡ್ಡೆಗಳ ನಡುವೆ ಶಾಲೆಯ ಸಮವಸ್ತ್ರ ಹೊಲಿಯುತ್ತಾರೆ. ಮಾಯವ್ವನ ಸೊಸೆ ಅನ್ನಪೂರ್ಣಾ ಅವರಲ್ಲೊಬ್ಬಳು. ಇಳಿಯಲು ಇರುವುದು ಒಂದೇ ಮೆಟ್ಟಿಲುದಾರಿ.

ಬೆಂಕಿ ಬಿದ್ದಾಗ ಜನ ಓಡಿ ಇಳಿಯುವ ಆ ದಾರಿಗೆ ಹೊಗೆ, ಉರಿ ನುಗ್ಗಬಾರದು. ಕೋಣೆಗೂ ಮೆಟ್ಟಿಲಿಗೂ ನಡುವಿನ ಗಾಜು ಒಂದು ತಾಸಾದರೂ ತಡೆಯಬೇಕು ಎಂದು ಅಗ್ನಿಶಾಮಕ ಇಲಾಖೆಯಿಂದ ಕಾಗದ ಬಂದಿತ್ತು. ಅಂಥ ಗಾಜಿನ ದರ ಕೇಳಿಯೇ ಸಾವಕಾರರಿಗೆ ಎದೆಯುರಿ ಹತ್ತಿತು. ಪೇಟೆಯ ಸಾದಾ ಗಾಜು ಹಾಕಿಸಿ, ಪ್ರತಿಯೊಂದರ ಮೂಲೆಗೂ ರಬ್ಬರ್ ಸಿಕ್ಕಾ ಒತ್ತಿಸಿದರು: 'ಅಗ್ನಿನಿರೋಧಕ, ೬೦ ನಿಮಿಷ'. ಗಾಜಿಗೆ ಅಷ್ಟು ಶಕ್ತಿ ಬರಲು ಹಿಡಿದದ್ದು ಬರೀ ಕಾಲು ತಾಸು.

ಪರವಾನಗಿಗೆ ಸಹಿ ಹಾಕುವ ಸಾಹೇಬರನ್ನು ಅಮಾವಾಸ್ಯೆಯಂದೇ ಕರೆಸಿದರು. ಪೂಜೆಯ ಜೊತೆ ಸಹಿಯೂ ಆಗಿಬಿಡಲಿ ಎಂದು. ಆದರೆ ಅಮಾವಾಸ್ಯೆಗೆ ಬಾಗಿಲು, ಮಿಷನ್, ಗಾಜು ಎಲ್ಲ ತೊಳೆದು ವಿಭೂತಿ ಹಚ್ಚುವುದು ಪದ್ಧತಿ. ಓದು ಬಾರದ ಮಾಯವ್ವನಿಗೆ ಮೂಲೆಯ ನೀಲಿ ಗುರುತು ಹೊಲಸಾಗಿಯೇ ಕಂಡಿತು. ಸೋಡಾ ನೀರಿನಲ್ಲಿ ಅರಿವೆ ಅದ್ದಿ ತಿಕ್ಕಿದಳು. ಹೋಯಿತು. ಅದೇ ಜಾಗಕ್ಕೆ ಭಕ್ತಿಯಿಂದ ಮೂರು ಗೆರೆ ಎಳೆದಳು.

ಸಾಹೇಬರು ಮೇಲೆ ಬಂದವರೇ ಗಾಜಿನ ಮುಂದೆ ಬಗ್ಗಿ ನಿಂತರು.

"ನಿಜಗುಣಪ್ಪಾರ, ಸಿಕ್ಕಾ ಎಲ್ಲೈತ್ರಿ? ಇಲ್ಲಿ ಈಬತ್ತಿ ಐತಿ!"

ಸಾವಕಾರರ ಮುಖ ಇಳಿಯಿತು. "ಏ ಮಾಯವ್ವಾ, ಇಲ್ಲಿ ಬರದಿದ್ದು ಏನ್ ಮಾಡಿದಿ?"

"ಹೊಲಸಿತ್ರಿ. ಒರಸೇನ್ರಿ."

"ಹೊಲಸಲ್ಲಬೇ ಅದು! ಒಂದ್ ತಾಸ್ ಬೆಂಕಿ ತಡಿಯೂ ಗುರ್ತ!"

ಮಾಯವ್ವ ಕೈಯಲ್ಲಿದ್ದ ಅರಿವೆ ನೋಡಿದಳು. "ಒಂದ್ ತಾಸ್ ಬೆಂಕಿ ತಡಿಯೂದು, ನನ್ನ ಹಸೀ ಅರಿವಿ ತಡೀಲಿಲ್ಲಲ್ರಿ ಸಾವಕಾರ್ರ?"

ಒಳಗೆ ಯಾರೋ ಕಿಸಕ್ಕನೆ ನಕ್ಕರು. ಮಿಷನ್‌ಗಳು ಒಂದೊಂದಾಗಿ ನಿಂತವು.

ಸಾಹೇಬರು ಅನುಭವಸ್ಥರು. "ಇರ್ಲಿ ಬಿಡ್ರಿ. ಸಿಕ್ಕಾ ಮತ್ತ ಒತ್ತಸ್ರಿ. ಈಕಿಗೆ ಒಣಾ ಅರಿವಿ ಕೊಡ್ರಿ," ಎಂದು ಪೆನ್ನು ತೆಗೆದರು.

"ಒಣಾ ಅರಿವಿ ಯಾಕ್ರಿ? ನಾಳಿಂದ ಈಕಿನ್ನ ಕೆಲಸದಿಂದನ ಬಿಡಸ್ತೇನಿ," ಎಂದರು ಸಾವಕಾರರು.

ಅನ್ನಪೂರ್ಣಾ ಬಾಗಿಲಿಗೆ ಬಂದಳು. "ಸಹಿ ಮಾಡೂ ಮೊದ್ಲ ಒಂದ್ ಮಾತ್ರಿ ಸಾಹೇಬ್ರ. ನೀವಿಬ್ರೂ ಮೆಟ್ಟಲದಾಗ ಕುಂದರ್ರಿ. ನಾವು ಗಾಜಿನ ಈ ಕಡೆ ನಾಕ್ ಸಗಣಿ ಕುಳ್ಳಿಗೆ ಬೆಂಕಿ ಹಚ್ಚತೇವಿ. ಒಂದ್ ತಾಸೇನ್ ಬ್ಯಾಡ, ಹತ್ತ ನಿಮಿಷ ಸಾಕು. ಚಾ ಕಳಸ್ತೇವಿ."

"ಬೆಂಕಿ ಹಚ್ಚತೇನಂತಿ? ಪೊಲೀಸ್ರನ್ನ ಕರಸ್ತೇನಿ!" ಸಾವಕಾರರು ಕೂಗಿದರು.

"ಕರಸ್ರಿ, ಅವರ್ನೂ ಕುಂದ್ರಸೂಣು. ಗಾಜ್ ಖರೇ ಇದ್ರ ಅಂಜಿಕಿ ಯಾಕ್ರಿ?"

ಹಿಂದಿನಿಂದ ರಾಚವ್ವ ಎಂಬ ಮುದುಕಿ, "ಕಡ್ಡಿಪೆಟ್ಟಿಗಿ ದೇವರ ಮುಂದನ ಐತಿ, ತರ್ಲೇನ?" ಎಂದಳು.

ಸಾಹೇಬರು ಸಹಿ ಮಾಡದೆ ಕಾಗದ ಮಡಚಿ, ಇನ್ನೊಂದು ಕಡೆ ತಪಾಸಣೆ ಇದೆ ಎನ್ನುತ್ತ ಎರಡೆರಡು ಮೆಟ್ಟಿಲು ಹಾರಿ ಇಳಿದರು. ಗಾಜಿನ ಪರೀಕ್ಷೆ ಅಷ್ಟಕ್ಕೇ ಮುಗಿಯಿತು. ಯಾರಿಗೂ ಸಂಶಯ ಉಳಿಯಲಿಲ್ಲ.

ಸಾವಕಾರರು ಹೆಂಗಸರ ಕಡೆ ತಿರುಗಿದರು. "ನಿಂತೀರ್ಯಾಕ? ಹೋಗ್ರಿ, ಕೆಲಸಾ ಹಿಡೀರಿ."

"ಹಿಡೀತೇವ್ರಿ," ಎಂದಳು ಮಾಯವ್ವ. "ಖರೇ ಗಾಜ್ ಬರೂತನಾ ಕೆಳಗ ಹೊಲೀತೇವಿ. ನೀವು ನಿಮ್ಮ ಗಾದೀನ ಇಲ್ಲಿ ಮ್ಯಾಲ ತಂದ್ ಹಾಕ್ಕೋರಿ. ಗಾಳಿ ಛಲೋ ಬರ್ತೈತಿ."

ಸಾವಕಾರರು ನಗಬೇಕೋ ಬೈಯಬೇಕೋ ಎಂದು ನೋಡುತ್ತಿರುವಾಗಲೇ ಅನ್ನಪೂರ್ಣಾ ತನ್ನ ಮಿಷನ್ನಿನ ಒಂದು ಬದಿ ಹಿಡಿದಳು.

"ಅತ್ತಿ, ಆ ಕಡೆ ಹಿಡೀರಿ."

ಮಾಯವ್ವ ಅರಿವೆ ಬಿಸಾಕಿ ಹಿಡಿದಳು. ಹಿಂದೆ ಮೂವತ್ತೊಂಬತ್ತು ಮಿಷನ್‌ಗಳು ಎದ್ದವು.