ನಾವು ಮದ್ವೆ ಆಗ್ತೀವಿ

ಸಿ.ಎಸ್. ಪುರದ ಹತ್ತಿರ ಕಾಡಿನವರಂತೆ ಬದುಕಬೇಕು ಅಂತ ಶಿವರಾಮಯ್ಯ ಮೇಷ್ಟ್ರು ಕಟ್ಟಿದ ಬರಿಗಾಲು ಬಳಗ ತೊಂಬತ್ಮೂರರಲ್ಲಿ ಮೊದಲು ಬಿಟ್ಟಿದ್ದು ಚಪ್ಪಲಿ. ಮಾರನೇ ವರ್ಷ ನೇಗಿಲು ಬಿಟ್ಟರು, ನೆಲಕ್ಕೆ ನೋಯುತ್ತದೆ ಅಂತ. ಆಮೇಲೆ ಸೋಪು, ಸೀಮೆಎಣ್ಣೆ, ಚಕ್ರ. ಶಿರಾ ಗೇಟಿನಲ್ಲಿ ಪಂಕ್ಚರ್ ಹಾಕಿ ಹಾಕಿ ಸಾಕಾಗಿದ್ದ ಇಮ್ರಾನ್, ಚಕ್ರ ಬಿಟ್ಟ ಸುದ್ದಿ ಕೇಳಿಯೇ ಬಂದು ಸೇರಿದ. ತೊಂಬತ್ತೆಂಟರ ಹೊತ್ತಿಗೆ ಬಿಡಲು ಇನ್ನೇನೂ ಉಳಿಯದೆ ಮೇಷ್ಟ್ರು 'ನಾನು' ಬಿಡಿಸಿದರು.

"ಮನುಷ್ಯ 'ನನ್ನದು' ಅಂದ ದಿನವೇ ಕಾಡು ಹಾಳಾಯ್ತು. ಇನ್ಮೇಲೆ ನಾವೆಲ್ಲ ನಾವೇ."

ಅಷ್ಟೇ ಸಾಲದು, 'ಬರ್ತೀನಿ'ಯ ಬಾಲದಲ್ಲೂ 'ನಾನು' ಅಡಗಿ ಕೂತಿದೆ ಅಂತ, ಹಿಂದೆ ಕನ್ನಡ ಪಾಠ ಮಾಡಿದ್ದ ಅವರಿಗೆ ಹೊಳೆಯಿತು. ಬಾಲಗಳನ್ನೂ ಕತ್ತರಿಸಿದ್ದಾಯ್ತು. ಬಳಗದ ಹಳೇ ಆಸಾಮಿ ಸಿದ್ದಯ್ಯ ಚೊಂಬು ಹಿಡಿದು ಪೊದೆಯಿಂದ ಎದ್ದು ಬಂದು, "ಹೋಗ್ಬಂದ್ವಿ" ಅನ್ನುತ್ತಿದ್ದ. ಯಾರಾದರೂ "ನಮಗೆ ಜ್ವರ" ಅಂದರೆ ಮೇಷ್ಟ್ರು ಎಲ್ಲರ ಹಣೆ ಮುಟ್ಟಿ ನೋಡಬೇಕಾಗುತ್ತಿತ್ತು.

ಇಮ್ರಾನನ ಕಷ್ಟ ಮಾಹಿರಾ. ಕುಣಿಗಲ್ಲಿನವಳು, ರಜೆಯ ಶಿಬಿರಕ್ಕೆ ಬಂದು ಉಳಿದುಬಿಟ್ಟವಳು. ಸೊಪ್ಪು ಬಿಡಿಸುವಾಗ ಧೈರ್ಯ ಮಾಡಿ, "ನಿಮ್ಮನ್ನ ಕಂಡ್ರೆ ನಮಗೆ ಇಷ್ಟ" ಅಂದ.

"ನಮಗೂ ನೀವೆಲ್ಲ ಇಷ್ಟ" ಅಂದಳು. ಛೇಡಿಸಿದಳೋ, ನಿಜವಾಗಿ ಅಂದಳೋ ತಿಳಿಯಲಿಲ್ಲ.

ಅದೇ ವಾರ ಅವಳು ದಾದಿ ಅಂತ ಕರೆಯುವ ಅಜ್ಜಿ, ಅಪ್ಪನ ತಾಯಿ ಹಜರಾ ಬೀ, ಅವಳನ್ನು ಕರೆದೊಯ್ಯಲು ಬಂದರು. ಗುಬ್ಬಿಯ ಗಂಡು, ಭಾನುವಾರ ಮಾತುಕತೆ. ಮಾಹಿರಾ ಬಟ್ಟೆ ಗಂಟು ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು. ಈಗ ಹೇಳದಿದ್ದರೆ ಮುಗಿಯಿತು ಅಂತ ಇಮ್ರಾನ್ ಅಜ್ಜಿಯ ಎದುರು ಹೋಗಿ ನಿಂತ.

"ಇವರನ್ನ ನಾವು ಮದ್ವೆ ಆಗ್ತೀವಿ."

ಹಜರಾ ಬೀ ಅಂಗಳದಲ್ಲಿದ್ದ ಗಂಡಸರನ್ನೆಲ್ಲ ಒಂದು ಸುತ್ತು ನೋಡಿದರು. ಅವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು.

"ಎಷ್ಟು ಜನ?"

ಮಾಹಿರಾ ಗಂಟಿನಲ್ಲಿ ಮುಖ ಹುದುಗಿಸಿದಳು. ಭುಜ ಕುಣಿಯುತ್ತಿತ್ತು.

"ನಾನು" ಅಂದ ಇಮ್ರಾನ್. ಉಪವಾಸದ ನಾಲಿಗೆಗೆ ಉಪ್ಪು ತಾಗಿದಂತಾಯ್ತು. "ನಾನೊಬ್ನೇ. ನಂಗೆ ಇವಳಂದ್ರೆ ಇಷ್ಟ. ನಂಗೆ ಸೈಕಲ್ ಕೆಲಸ ಬರುತ್ತೆ, ನಾನು ಅಂಗಡಿ ತೆಗೀತೀನಿ, ನಾನು..."

"ಸಾಕು ಕಣೋ" ಅಂದರು ಮೇಷ್ಟ್ರು. "ಬಳಗದ ನಾನೆಲ್ಲ ನೀನೊಬ್ನೇ ಖಾಲಿ ಮಾಡ್ಬೇಡ."

ಹಜರಾ ಬೀ ಮೊಮ್ಮಗಳತ್ತ ತಿರುಗಿದರು. "ನೀನೇನಂತೀಯೇ?"

"ನಂಗೂ ಇಷ್ಟ, ದಾದಿ. ಇವನೊಬ್ನೇ."

ಮುದುಕಿ ಇಮ್ರಾನನನ್ನು ಬರಿಗಾಲಿನಿಂದ ಜಿಡ್ಡುತಲೆಯವರೆಗೆ ಅಳೆದರು. "ಗುಬ್ಬಿಯೋರಿಗೆ ಬೇಡ ಅಂತ ಹೇಳಿ ಕಳಿಸ್ತೀನಿ. ಭಾನುವಾರ ಸ್ನಾನ ಮಾಡ್ಕೊಂಡು ಮನೆಗೆ ಬಾ. ಅಪ್ಪ ಅಮ್ಮನ್ನ ಕರ್ಕೊಂಡು ಬಾ. ಇವರೆಲ್ಲ ಬೇಡ."

ಸಿದ್ದಯ್ಯನ ಮುಖ ಸಪ್ಪೆಯಾಯ್ತು. "ನಾವೂ ಬರೋಣ ಅಂತಿದ್ವಿ."