ಆರಾದ ಮೇಲೆ ಏಳ್ರಿ

ನಾನು ಒಂದು ಕಬ್ಬಿಣದ ರಾಡು. ಉದ್ದ ಏಳಡಿ. ಈ ಏಳಡಿಯ ಹಿಂದೆ ಒಂದು ಕಥೆಯಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಹಣೆಬರಹವೆಲ್ಲ ಅಲ್ಲಿಂದಲೇ ಶುರುವಾದದ್ದು.

ನಾನು ಹುಟ್ಟಿದ್ದು ದಾವಣಗೆರೆಯ ಒಂದು ಲೇತ್ ಅಂಗಡಿಯಲ್ಲಿ. ಆರಡಿ ಉದ್ದದ ಶಾಫ್ಟಾಗಿ ಹುಟ್ಟಿ, ಮಂಡಕ್ಕಿ ಭಟ್ಟಿಯ ಯಂತ್ರದೊಳಗೆ ಮರ್ಯಾದೆಯಿಂದ ತಿರುಗಿಕೊಂಡಿರಬೇಕಾದವನು ನಾನು. ಭಟ್ಟಿಯ ಮಾಲೀಕ ಅಳತೆ ಹೇಳಲು ಬಂದ ದಿನ ಅವನ ಜೊತೆಗೆ ಬಂದಿದ್ದ ಭಾವಮೈದುನ ಬೆಂಚಿನ ಮೇಲೆ ಕೂತು ಚಹಾ ಹೀರುತ್ತ ಜಗತ್ತನ್ನೇ ಮರೆತಿದ್ದ. ಲೇತಿನ ಗದ್ದಲದ ನಡುವೆ ಮಾಲೀಕ ಕೂಗಿದ: “ಆರಡಿ ಸಾಕು. ಏಳು, ಏಳು, ಹೊತ್ತಾತು!” ಮೊದಲ ಮಾತು ಲೇತಿನವನಿಗೆ, ಎರಡನೆಯದು ಭಾವಮೈದುನನಿಗೆ. ಲೇತಿನವನು ಎರಡನ್ನೂ ತಾನೇ ಇಟ್ಟುಕೊಂಡ. ಗಿರಾಕಿ ಮನಸ್ಸು ಬದಲಾಯಿಸಿದ ಎಂದುಕೊಂಡು ನನ್ನನ್ನು ಏಳಡಿಗೆ ಕೊಯ್ದ.

ಒಂದಡಿ ಕತ್ತರಿಸಿದ್ದರೆ ಮುಗಿಯುತ್ತಿತ್ತು. ಆದರೆ ತಪ್ಪು ಯಾರದೆಂದು ತೀರ್ಮಾನವಾಗದೆ ಗರಗಸ ಮುಟ್ಟುವುದಿಲ್ಲವೆಂದು ಇಬ್ಬರೂ ಹಟ ಹಿಡಿದರು. ನಾನು ಮೂಲೆ ಸೇರಿದೆ. ಗೇಟಿನ ಕೀಲು ಮಾಡಿಸಲು ಬಂದ ಮಾಬುಸಾಬ್ ಉಸ್ತಾದರು ನನ್ನನ್ನು ಕಂಡು, ಒಂದು ಸಲ ತಲೆಯ ಮೇಲಕ್ಕೆತ್ತಿ ಇಳಿಸಿ, “ಇವ ನಂಗ ಇರ್ಲಿ” ಎಂದರು. ನನ್ನನ್ನು ಮೊದಲ ಬಾರಿಗೆ ‘ಇವ’ ಎಂದವರು ಅವರು. ಆ ಋಣ ನಾನು ಮರೆತಿಲ್ಲ.

ಉಸ್ತಾದರು ಹಳೆಯ ಕುಸ್ತಿ ಪೈಲ್ವಾನರು. ಅವರದು ಮಂಡಿಪೇಟೆಯ ಹಿಂದಿನ ಓಣಿಯಲ್ಲೊಂದು ಗರಡಿ ಮನೆ. ಕೆಂಪು ಮಣ್ಣಿನ ಅಖಾಡ, ಎಣ್ಣೆಯ ವಾಸನೆ, ಮೂಲೆಯಲ್ಲಿ ಗದೆಗಳು. ಕುಸ್ತಿ ಕಲಿಯುವವರು ಕಡಿಮೆಯಾದಾಗ ಮಣ್ಣಿನ ಮೇಲೆ ಸಿಮೆಂಟು ಬಿತ್ತು, ಗೋಡೆಗೆ ಕನ್ನಡಿ ಬಂತು, ಬೋರ್ಡಿನ ಮೇಲೆ ‘ಗರಡಿ’ ಹೋಗಿ ‘ಜಿಮ್’ ಎಂದಾಯಿತು. ನನ್ನ ಎರಡೂ ತುದಿಗೆ ಪ್ಲೇಟುಗಳು ಏರಿದವು. ನಾನು ಸ್ವಲ್ಪ ಜಂಭ ಪಟ್ಟದ್ದೂ ಉಂಟು.

ಆದರೆ ಕನ್ನಡಿ ಬಂದ ಮೇಲೆ ಮನುಷ್ಯರು ಮನುಷ್ಯರನ್ನು ನೋಡುವುದು ಬಿಟ್ಟರು. ಒಬ್ಬೊಬ್ಬನೂ ಕಿವಿಗೆ ವೈರು ಸಿಕ್ಕಿಸಿಕೊಂಡು ಬಂದು, ತನ್ನ ತೋಳನ್ನು ತಾನೇ ನೋಡಿ ತಾನೇ ಮೆಚ್ಚಿ, ಯಾರಿಗೂ ಬಾಯಿ ಬಿಡದೆ ಹೋಗುತ್ತಿದ್ದ. ನೆಲದ ಮೇಲೆ ಮಲಗಿದವನಿಗೆ ಮೊದಲು ಕಾಣುವುದು ಮನುಷ್ಯರ ಕಾಲು. ಹಾಗಾಗಿ ಯಾರೂ ಹೇಳದ ಗುಟ್ಟೊಂದು ನನಗೆ ಗೊತ್ತಿತ್ತು: ಆಟೋ ಓಡಿಸುವ ತಿಪ್ಪೇಶನಿಗೆ ಕಾಲೇ ಇರಲಿಲ್ಲ. ಇದ್ದವು, ಆದರೆ ಲೆಕ್ಕಕ್ಕೆ ಹಿಡಿಯುವಂಥವಲ್ಲ. ತಿಂಗಳುಗಟ್ಟಲೆ ತೋಳು, ಎದೆ, ಮತ್ತೆ ತೋಳು. ಸೊಂಟದ ಕೆಳಗಿನ ಊರಿಗೆ ಅವನು ಹೋದವನೇ ಅಲ್ಲ.

ಹೀಗಿರುವಾಗ ಒಂದು ಮುಂಜಾನೆ ಬಾಗಿಲಲ್ಲಿ ಹಸಿರು ಇಳಕಲ್ ಸೀರೆಯ ಅಂಚು ಕಾಣಿಸಿತು. ಅದರ ಕೆಳಗೆ ಹೊಸ ಬಿಳಿ ಕ್ಯಾನ್ವಾಸ್ ಬೂಟು.

ಬಂದವರು ಹಾಲಮ್ಮ. ಮಂಡಿಪೇಟೆಯಲ್ಲಿ ಅವರದು ಕಾಳಿನ ಅಂಗಡಿ. ಗಂಡ ತೀರಿಕೊಂಡ ಮೇಲೆ ಅಂಗಡಿಯ ಗಾದಿಯ ಮೇಲೆ ಕೂತು, ಸೇರು ಹಿಡಿದು ಅಳೆದು, ಬಾಯಿಯ ಜೋರಿನಿಂದಲೇ ಇಡೀ ಸಾಲನ್ನು ಅಂಕೆಯಲ್ಲಿಟ್ಟವರು. ಈಗ ಮಂಡಿ ಕೈಕೊಟ್ಟಿತ್ತು. ನೆಲದ ಮೇಲೆ ಕೂತರೆ ಏಳಲು ಇಬ್ಬರು ಬೇಕಾಗುತ್ತಿತ್ತು. ಡಾಕ್ಟರು ಕಾಲಿಗೆ ಬಲ ಬರಿಸಿಕೊಳ್ಳಿ ಎಂದಿದ್ದರು. ಬಲ ಸಿಗುವ ಅಂಗಡಿ ಯಾವುದೆಂದು ವಿಚಾರಿಸಿಕೊಂಡು ಹಾಲಮ್ಮ ನೇರ ಇಲ್ಲಿಗೆ ಬಂದಿದ್ದರು.

“ನಂಗ ಪೈಲ್ವಾನಗಿತ್ತಿ ಆಗೋದು ಬ್ಯಾಡ್ರಿ ಉಸ್ತಾದರ,” ಎಂದರು. “ದೀಪಾವಳಿಗೆ ಅಂಗಡ್ಯಾಗ ಲಕ್ಷ್ಮೀ ಪೂಜಿ ಐತಿ. ನಮ್ಮನ್ಯಾಗ ಒಂದು ಪದ್ಧತಿ. ಯಾರು ಪೂಜಿಗೆ ಕುಂತು, ಆರತಿ ತಟ್ಟಿ ಹಿಡ್ಕೊಂಡು ಏಳ್ತಾರೋ, ವರ್ಷ ಪೂರ್ತಿ ಗಾದಿ ಅವರದು. ತಟ್ಟಿ ಎರಡೂ ಕೈಯಾಗ ಇರ್ತೈತಿ. ಕೈ ಊರಾಕ ಬರಂಗಿಲ್ಲ. ನಮ್ಮ ಮೈದುನ ಕೊಟ್ರೇಶಿ, ‘ಅತ್ತಿಗಿ, ಇನ್ನ ನೀವು ಮನ್ಯಾಗ ಆರಾಮಿರ್ರಿ’ ಅನ್ನಾಕ ಹತ್ತ್ಯಾನ. ಪಾಪ, ಒಳ್ಳೆ ಮನಸಿಂದನ ಅಂತಾನ. ಅದಕ್ಕ ಸಿಟ್ಟು ಜಾಸ್ತಿ ಬರ್ತೈತಿ.”

ಉಸ್ತಾದರು ಗಂಭೀರವಾಗಿ ತಲೆಯಾಡಿಸಿ, “ಹಂಗಾದ್ರ ಬಸ್ಕಿ ಹೊಡೀಬೇಕ್ರಿ” ಎಂದರು.

“ಸಾಲ್ಯಾಗ ತಪ್ಪು ಮಾಡಿದೋರಿಗೆ ಬಸ್ಕಿ ಹೊಡಸ್ತಿದ್ರು. ಇಲ್ಲಿ ನಾನಽ ರೊಕ್ಕ ಕೊಟ್ಟು ಹೊಡೀಬೇಕಾ?”

ಹೊಡೆದರು. ಮೊದಲು ಎತ್ತರದ ಸ್ಟೂಲಿನ ಮೇಲೆ ಕೂತು ಏಳುವುದು. ಕೈಗಳು ಎದೆಯ ಮೇಲೆ. ಎದ್ದೊಡನೆ ಹಾಲಮ್ಮ ತಾವೇ ಎಣಿಸಿದರು: “ಲಾಭ!” ಜಿಮ್ಮಿನವರೆಲ್ಲ ತಿರುಗಿ ನೋಡಿದರು. “ಎರಡು... ಮೂರು...” ಕಾಳು ಅಳೆಯುವವರ ಬಾಯಲ್ಲಿ ಮೊದಲ ಸೇರಿಗೆ ‘ಒಂದು’ ಬರುವುದಿಲ್ಲ, ‘ಲಾಭ’ ಎಂದೇ ಶುರು. ಹಾಲಮ್ಮನವರ ನಾಲಿಗೆಗೆ ಬೇರೆ ಎಣಿಕೆಯೇ ಗೊತ್ತಿರಲಿಲ್ಲ. ತಿಪ್ಪೇಶ ಕಿವಿಯಿಂದ ವೈರು ಕಿತ್ತು ನಕ್ಕ. ಅವನ ಕಿವಿ ಖಾಲಿಯಾದದ್ದನ್ನು ನಾನು ಕಂಡದ್ದು ಅದೇ ಮೊದಲು.

ಎರಡನೆಯ ವಾರ ಎಡವಟ್ಟಾಯಿತು. ಸ್ಟೂಲು ತಗ್ಗಾಗಿತ್ತು. ಉಸ್ತಾದರು, “ಅರ್ಧಕ್ಕ ಕುಂತು ಹಂಗಽ ನಿಂದ್ರಬೇಕು. ನಾನು ಹತ್ತು ಎಣಸೋತನ ಏಳಬ್ಯಾಡ್ರಿ” ಎಂದು ಎಣಿಸತೊಡಗಿದರು. “ನಾಕು... ಐದು... ಆರು... ಏಳು...”

ಹಾಲಮ್ಮ ಎದ್ದು ನಿಂತರು.

“ಯಾಕ ಎದ್ರಿ?”

“ನೀವಽ ಏಳು ಅಂದ್ರಲ್ಲ?”

“ಅದು ಲೆಕ್ಕ ರೀ!”

“ಲೆಕ್ಕ ಆಗ್ಲಿ, ಏನಽ ಆಗ್ಲಿ,” ಹಾಲಮ್ಮನವರ ಮುಖ ಕೆಂಪಾಗಿತ್ತು. “ಐವತ್ತು ದಾಟಿದ ಹೆಣ್ಮಗಳಿಗೆ ‘ಏಳು’ ಅಂತೀರಲ್ಲ? ‘ಏಳ್ರಿ’ ಅನ್ನಾಕ ಬರಂಗಿಲ್ಲೇನು? ಪ್ಯಾಟ್ಯಾಗ ಹಮಾಲರು ಸೈತ ನಂಗ ಏಕವಚನ ಹಚ್ಚಂಗಿಲ್ಲ!”

ಇಪ್ಪತ್ತು ಪೈಲ್ವಾನರನ್ನು ಮಣ್ಣು ಮುಕ್ಕಿಸಿದ ಉಸ್ತಾದರಿಗೆ ಈ ಪಟ್ಟಿಗೆ ಎದುರು ಪಟ್ಟು ಹೊಳೆಯಲಿಲ್ಲ. ಬೆವರು ಒರೆಸಿಕೊಂಡು ಮತ್ತೆ ಎಣಿಸಿದರು: “ಐದು... ಆರು... ಏಳ್ರಿ.” ಹಾಲಮ್ಮ ಆಗಲೂ ಎದ್ದರು, ಆದರೆ ಸಮಾಧಾನದಿಂದ. ಅಂದಿನಿಂದ ನಮ್ಮ ಜಿಮ್ಮಿನಲ್ಲಿ ಕೂತು ತಡೆದುಕೊಳ್ಳುವ ಲೆಕ್ಕ ಏಳಕ್ಕೇ ಮುಗಿಯತೊಡಗಿತು, ಮತ್ತು ಆ ಏಳು ‘ಏಳ್ರಿ’ ಆಯಿತು. ಮೊದಮೊದಲು ಹುಡುಗರು ತಮಾಷೆಗೆ ಅಂದರು. ಆಮೇಲೆ ರೂಢಿಗೆ ಅಂದರು. ಹೊಸದಾಗಿ ಸೇರಿದವನು ‘ಲಾಭ, ಎರಡು’ ಎಂದು ಶುರುವಾಗಿ ‘ಆರು, ಏಳ್ರಿ’ ಎಂದು ಮುಗಿಯುವ ಲೆಕ್ಕ ಕೇಳಿ, ಇದು ಯಾವುದೋ ವಿದೇಶಿ ಪದ್ಧತಿಯಿರಬೇಕೆಂದು ಭಯಭಕ್ತಿಯಿಂದ ಕಲಿತ.

ಇನ್ನೊಂದು ಪೇಟೆಯ ಬುದ್ಧಿ ಹಾಲಮ್ಮನವರಿಗಿತ್ತು. ಮಂಡಿಪೇಟೆಯಲ್ಲಿ ಯಾರೂ ಒಬ್ಬರೇ ಚೀಲ ಎತ್ತುವುದಿಲ್ಲ. ಹಮಾಲನ ಬೆನ್ನಿಗೆ ಚೀಲ ಏರಿಸುವಾಗ ಎದುರಂಗಡಿಯವನೂ ವ್ಯಾಪಾರದ ಹಗೆ ಮರೆತು ಬಂದು ಕೈ ಕೊಡುತ್ತಾನೆ. ಒಂದು ದಿನ ತಿಪ್ಪೇಶ ಬೆಂಚಿನ ಮೇಲೆ ಮಲಗಿ ನನ್ನನ್ನು ಎದೆಯಿಂದ ಮೇಲಕ್ಕೆ ನೂಕುತ್ತಿದ್ದ. ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಅದನ್ನು ಕಂಡ ಹಾಲಮ್ಮ ಓಡಿಬಂದು, “ಅಯ್ಯ, ಮಗ ಸಾಯಾಕ ಹತ್ತೈತಿ!” ಎಂದು ನನ್ನನ್ನು ಎರಡೂ ಕೈಯಿಂದ ಹಿಡಿದು ಎಳೆದೇಬಿಟ್ಟರು.

“ಅಕ್ಕಾರ, ಬಿಡ್ರಿ! ನಾನಽ ಎತ್ತತಿದ್ದೆ!” ತಿಪ್ಪೇಶನಿಗೆ ಅಳು ಬರುವುದೊಂದು ಬಾಕಿ.

“ಎತ್ತತಿದ್ಯಾ? ನನ್ನ ಕಣ್ಣಿಗೆ ಹಂಗ ಕಾಣ್ಲಿಲ್ಲಪಾ.”

ಆ ಜಗಳದಿಂದ ಒಂದು ಕಟ್ಟಳೆ ಹುಟ್ಟಿತು. ಯಾರೇ ಭಾರ ಎತ್ತಲಿ, ಪಕ್ಕದವರು ಹತ್ತಿರ ನಿಲ್ಲಬೇಕು. “ಕೈ ಕೊಡ್ಲಾ?” ಎಂದು ಕೇಳಬೇಕು. ಬೇಕು ಎಂದರೆ ಮಾತ್ರ ಮುಟ್ಟಬೇಕು. ಕೇಳಬೇಕಾದರೆ ಪಕ್ಕದವನ ಹೆಸರು ಗೊತ್ತಿರಬೇಕಲ್ಲ. ಹೆಸರಾದ ಮೇಲೆ ಊರು, ಊರಾದ ಮೇಲೆ ಮನೆಯವರ ಆರೋಗ್ಯ. ಹಾಲಮ್ಮ ಒಬ್ಬರನ್ನೂ ಬಿಡಲಿಲ್ಲ. ಮೂರು ದಿನ ಬಾಗಿಲಿಗೆ ಬಂದು ನೋಡಿ ವಾಪಸು ಹೋಗುತ್ತಿದ್ದ ನರ್ಸ್ ನಸೀಮಾಳನ್ನು ನಾಲ್ಕನೆಯ ದಿನ ಮುಂಗೈ ಹಿಡಿದು ಒಳಗೆ ಕರೆತಂದರು. “ನಾನು ಸೀರಿ ಉಟ್ಕೊಂಡು ಮಾಡಾಕ ಹತ್ತೀನಿ. ನಿಂದೇನವ್ವ ತಂಟೆ?” ತಿಪ್ಪೇಶನ ಕಾಲನ್ನೂ ಅವರೇ ಹೊರಗೆಳೆದರು. “ಮ್ಯಾಲೆ ಗೋಡೌನು, ಕೆಳಗ ಊದಿನಕಡ್ಡಿ. ಬಾ ಇಲ್ಲಿ, ನನ್ನ ಜೋಡಿ ಬಸ್ಕಿ ಹೊಡಿ.” ಹೊಡೆದ. ಮರುದಿನ ಆಟೋದಿಂದ ಇಳಿಯಲಾಗದೆ ಬ್ರೇಕಿನ ಮೇಲೆ ಕಾಲಿಟ್ಟು ಅತ್ತನಂತೆ. ಹಾಲಮ್ಮನವರ ಕಷ್ಟವೇನೆಂದು ಅವತ್ತು ಅವನಿಗೆ ಅರ್ಥವಾಯಿತು. ನಗುವುದನ್ನು ಬಿಟ್ಟು ಅವರ ಪಕ್ಕದಲ್ಲಿ ನಿಲ್ಲತೊಡಗಿದ.

ನವರಾತ್ರಿಯ ಹೊತ್ತಿಗೆ ಹಾಲಮ್ಮನವರ ಹೆಗಲ ಮೇಲೆ ನಾನು ಏರಿದ್ದೆ. ಪ್ಲೇಟಿಲ್ಲದೆ, ಬರೀ ನಾನು. ಅವರ ಬೆವರಿನಲ್ಲಿ ಕಡಲೆ ಹಿಟ್ಟಿನ ವಾಸನೆಯಿತ್ತು. ಕೆಳಗಿಳಿಯುವಾಗ ಅವರ ಮಂಡಿ ನಡುಗುವುದು ನನ್ನ ಮೈಗೂ ತಿಳಿಯುತ್ತಿತ್ತು. ಆ ಹೆಂಗಸಿಗಾಗಿ ನನ್ನ ತೂಕ ಕಡಿಮೆ ಮಾಡಿಕೊಳ್ಳಬಾರದಿತ್ತೇ ಎಂದು ಎಷ್ಟೋ ಸಲ ಹಂಬಲಿಸಿದ್ದೇನೆ. ಆದರೆ ನೆಲಕ್ಕೆ ಕೂತಾಗ ಮಾತ್ರ ಸೋಲು. ಸ್ಟೂಲಿನಿಂದ ಏಳುತ್ತಿದ್ದರು, ಪೇರಿಸಿಟ್ಟ ಪ್ಲೇಟುಗಳ ಮೇಲಿಂದ ಏಳುತ್ತಿದ್ದರು. ಮಣೆಯ ಮೇಲೆ ಕೂತರೆ ಅರ್ಧಕ್ಕೇ ನಿಂತುಬಿಡುತ್ತಿದ್ದರು.

ಅಷ್ಟರಲ್ಲಿ ನನ್ನ ಗಂಡಾಂತರ ಬಂತು. ಓಣಿಯ ಚರಂಡಿಯ ಹಾಸುಗಲ್ಲು ಮುರಿದು ತಿಪ್ಪೇಶನ ಆಟೋದ ಹಿಂಗಾಲಿ ಒಳಗೆ ಕೂತಿತು. ಇಡೀ ಜಿಮ್ಮು ನನ್ನನ್ನು ಹೊತ್ತುಕೊಂಡು ಓಡಿತು. ನನ್ನನ್ನು ಹಾರೆಯಂತೆ ಆಟೋದಡಿಗೆ ತೂರಿಸಿ ಎಲ್ಲರೂ ಒಟ್ಟಿಗೆ ಮೀಟಿದರು. ನಸೀಮಾ ಒಂದು ಕಡೆ, ಉಸ್ತಾದರು ಒಂದು ಕಡೆ, ನಡುವೆ ನಿಂತು ಹಾಲಮ್ಮನವರ ಎಣಿಕೆ: “ಐದು, ಆರು, ಏಳ್ರಿ!” ಆಟೋ ಎದ್ದಿತು. ನಾನು ಬಾಗಿದೆ.

ಬಾಗಿದ ರಾಡು ಜಿಮ್ಮಿಗೆ ಕೆಲಸಕ್ಕೆ ಬರುವುದಿಲ್ಲ. ಗುಜರಿಯವನ ಗಾಡಿ ಬಾಗಿಲಿಗೆ ಬಂತು. ನಿಜ ಹೇಳುತ್ತೇನೆ, ಹೆದರಿಬಿಟ್ಟಿದ್ದೆ. ಹಾಲಮ್ಮ ಅಡ್ಡ ನಿಂತರು. “ನನ್ನ ಅಂಗಡಿ ತಕ್ಕಡಿ ನೇತ್ ಹಾಕಿರೋ ಬೊಂಬು ಹುಳ ತಿಂದೈತಿ. ಇವ ನಂಗ ಇರ್ಲಿ.” ಉಸ್ತಾದರ ಅದೇ ಮಾತು, ಅವರಿಗೆ ಗೊತ್ತಿಲ್ಲದೆಯೇ.

ಹೀಗೆ ನಾನು ಮಂಡಿಪೇಟೆಗೆ ಬಂದೆ. ಗಾದಿಯ ಮೇಲ್ಗಡೆ ಎರಡು ತೊಲೆಗಳ ನಡುವೆ ನನ್ನನ್ನು ಕೂರಿಸಿದರು. ನನ್ನ ಬಾಗಿನಿಂದಾಗಿ ತಕ್ಕಡಿಯ ಕೊಂಡಿ ತಾನಾಗಿ ಜಾರಿ ನಡುವಿಗೇ ಬಂದು ನಿಲ್ಲುತ್ತದೆ. ಜೀವನವೆಲ್ಲ ಜನರ ಕಾಲು ನೋಡಿದ್ದವನಿಗೆ ಈಗ ಬರೀ ತಲೆಗಳು. ಮೈದುನ ಕೊಟ್ರೇಶಪ್ಪನವರ ನೆತ್ತಿ ಬೋಳಾಗುತ್ತಿದೆ ಎಂಬುದು ಅವರಿಗಿಂತ ಮೊದಲು ನನಗೆ ತಿಳಿಯಿತು.

ದೀಪಾವಳಿಯ ಸಂಜೆ ಬಂತು. ಗೋಡೆಗೆ ಹೊಸದಾಗಿ ‘ಶುಭ ಲಾಭ’ ಬರೆದಿದ್ದರು. ಪೂಜೆ ಮಾಡಿಸುವ ಅಯ್ಯನವರು ಗಂಟೆ ಹಿಡಿದು ಕೂತಿದ್ದರು. ಅಕ್ಕಪಕ್ಕದ ವ್ಯಾಪಾರಿಗಳು ಜಮಖಾನೆ ತುಂಬ ಕೂತಿದ್ದರು. ಬಾಗಿಲ ಬಳಿ ಜಿಮ್ಮಿನವರೆಲ್ಲ ಇಸ್ತ್ರಿ ಮಾಡಿದ ಅಂಗಿಯಲ್ಲಿ, ತೋಳು ಇಕ್ಕಟ್ಟಾಗಿ, ಉಸಿರು ಬಿಗಿಹಿಡಿದು ನಿಂತಿದ್ದರು. ಹಾಲಮ್ಮ ಮಣೆಯ ಮೇಲೆ ಕೂತು ಪೂಜೆ ಮಾಡಿದರು. ಅಯ್ಯನವರು ಆರತಿ ತಟ್ಟೆ ಕೊಟ್ಟರು.

ಹಾಲಮ್ಮ ಕಾಲು ಒಳಗೆಳೆದುಕೊಂಡು ಎದ್ದರು. ಅರ್ಧ ಎದ್ದರು. ಅಲ್ಲೇ ನಿಂತರು. ತಟ್ಟೆಯ ದೀಪ ಅಲುಗಿತು. ಕೊಟ್ರೇಶಪ್ಪ ಕೂತಲ್ಲಿಂದಲೇ ಗಾಬರಿಯಿಂದ ಕೈ ಚಾಚಿದರು.

“ತಡೀರಿ ಸಾವ್ಕಾರ್ರ,” ತಿಪ್ಪೇಶ ಬಾಗಿಲಿಂದ ಅಂದ. “ಕೇಳದಽ ಮುಟ್ಟಬಾರ್ದು. ಅಕ್ಕಾರ, ಕೈ ಕೊಡ್ಲಾ?”

ಹಾಲಮ್ಮ ಹಲ್ಲು ಕಚ್ಚಿ, “ಬ್ಯಾಡ” ಎಂದರು. ಮತ್ತೆ ಕೆಳಗೆ ಕೂತುಬಿಟ್ಟರು. ನನ್ನ ಕಬ್ಬಿಣವೆಲ್ಲ ತಣ್ಣಗಾಯಿತು.

ಆಗ ಉಸ್ತಾದರು ಮೆಲ್ಲಗೆ ಶುರು ಮಾಡಿದರು. “ಲಾಭ...” ನಸೀಮಾ ಸೇರಿಕೊಂಡಳು. “ಎರಡು... ಮೂರು...” ತಿಪ್ಪೇಶ ಸೇರಿಕೊಂಡ. ನಾಲ್ಕು, ಐದಕ್ಕೆ ಇಡೀ ಬಾಗಿಲೇ ಎಣಿಸುತ್ತಿತ್ತು. ಹಾಲಮ್ಮ ಕಣ್ಣು ಮುಚ್ಚಿ ಉಸಿರೆಳೆದುಕೊಂಡರು. “ಆರು...”

“ಏಳ್ರಿ!”

ಆ ಕೂಗಿಗೆ ಅಂಗಡಿಯಲ್ಲಿ ಕೂತವರೆಲ್ಲ ಎದ್ದು ನಿಂತರು. ಗಂಟೆ ಸಮೇತ ಅಯ್ಯನವರು ಎದ್ದರು. ಏನಾಯಿತೆಂದು ತಿಳಿಯದೆ ವ್ಯಾಪಾರಿಗಳು ಎದ್ದರು. ಗೋಡೆಗೊರಗಿ ನಿದ್ದೆ ಹೋಗಿದ್ದ ಬೆಲ್ಲದ ಅಂಗಡಿಯ ಮುದುಕರು ಬೆಂಕಿ ಬಿತ್ತೆಂದು ಚಪ್ಪಲಿ ಹುಡುಕಿದರು. ಅವರೆಲ್ಲರ ನಡುವೆ, ಎರಡೂ ಕೈಯಲ್ಲಿ ತಟ್ಟೆ ಹಿಡಿದು, ದೀಪ ಆರದಂತೆ, ಹಾಲಮ್ಮ ನೆಟ್ಟಗೆ ನಿಂತಿದ್ದರು.

ಒಬ್ಬರು ಮಾತ್ರ ನಿಂತಿರಲಿಲ್ಲ. ಕೊಟ್ರೇಶಪ್ಪ ಎರಡೂ ಕೈ ನೆಲಕ್ಕೂರಿ, “ಯವ್ವಾ” ಎನ್ನುತ್ತ ಅರ್ಧಕ್ಕೇ ಸಿಕ್ಕಿಕೊಂಡಿದ್ದರು.

ಹಾಲಮ್ಮ ಲಕ್ಷ್ಮಿಗೆ ಆರತಿ ಮಾಡಿದರು, ತಕ್ಕಡಿಗೆ ಮಾಡಿದರು, ತಲೆಯೆತ್ತಿ ನನಗೂ ಮಾಡಿದರು. ಆಮೇಲೆ ಮೈದುನನ ಎದುರು ಬಂದು ನಿಂತು ಕೇಳಿದರು: “ಕೊಟ್ರೇಶಿ, ಕೈ ಕೊಡ್ಲಾ?”

ಅವರು ಬೋಳು ನೆತ್ತಿ ಅಲ್ಲಾಡಿಸಿ, “ಕೊಡ್ರಿ ಅತ್ತಿಗಿ” ಎಂದರು. ಹಾಲಮ್ಮ ತಟ್ಟೆಯನ್ನು ನಸೀಮಾಳಿಗೆ ಕೊಟ್ಟು ಮೈದುನನನ್ನು ಎಬ್ಬಿಸಿ ನಿಲ್ಲಿಸಿದರು. “ನಾಳಿಂದ ನನ್ನ ಜೋಡಿ ಬಾ. ಗಾದಿ ಮಾತು ಆಮ್ಯಾಲೆ ಆಡೋಣಂತ.”

ಈಗ ನನಗೆ ವಯಸ್ಸಾಯಿತು. ಮೈಮೇಲೆ ಕಾಳಿನ ದೂಳು, ನಡುವಿನಲ್ಲಿ ಬಾಗು. ಆರಡಿಯ ಶಾಫ್ಟಾಗಿದ್ದರೆ ಯಂತ್ರದೊಳಗೆ ಒಬ್ಬನೇ ತಿರುಗಿ ಸವೆದು ಹೋಗಿರುತ್ತಿದ್ದೆ. ಗದ್ದಲದಲ್ಲಿ ಒಂದು ‘ಏಳು’ ತಪ್ಪಾಗಿ ಕೇಳಿಸಿದ್ದರಿಂದ ಇಷ್ಟು ಜನರ ಕೈ ಕಂಡೆ. ಪ್ರತಿದಿನ ಬೆಳಿಗ್ಗೆ ಜಿಮ್ಮಿನಿಂದ ಬಂದು ಅತ್ತಿಗೆ ಗಾದಿಯ ಮೇಲೆ ತಾವಾಗಿಯೇ ಕೂರುತ್ತಾರೆ, ಮೈದುನ ಗೋಡೆ ಹಿಡಿದು ನರಳುತ್ತ ಕೂರುತ್ತಾರೆ. ಹಾಲಮ್ಮ ಸೇರು ತುಂಬಿ ಮೊದಲ ಗಿರಾಕಿಯ ಚೀಲಕ್ಕೆ ಸುರಿದು, ಅಂಗಡಿಗೆಲ್ಲ ಕೇಳುವಂತೆ ಎಣಿಕೆ ಶುರು ಮಾಡುತ್ತಾರೆ:

“ಲಾಭ!”