ಒರೆಸಿದ ಗೆರೆ

"ಮೊದ್ಲು ಮಿಕ್ಕ ನಾಲ್ಕು ಕಡೆ ನೋಡ್ಕೊಂಡು ಬಾ ಅಪ್ಪ. ನಂದು ಕೊನೆಗೆ," ಅಂತ ಮಗಳು ಭೂಮಿಕಾ ಬೆಳಿಗ್ಗೆಯೇ ತಾಕೀತು ಮಾಡಿದ್ದಳು. "ಬೇರೆ ಚಿತ್ರ ನೋಡ್ದೆ ನಂದು ನೋಡಿದ್ರೆ ನೀನು ಬರೀ ಡಿಫೆಕ್ಟ್ ಹುಡುಕ್ತೀಯ."

ಅವಳು ಹೇಳಿದ್ದು ಸುಳ್ಳಲ್ಲ. ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಒಂದು ಲಾರಿ ಕಾರ್ಖಾನೆಯ ಪೇಂಟ್ ಶಾಪಿನಲ್ಲಿ ಹತ್ತೊಂಬತ್ತು ವರ್ಷದಿಂದ ನನಗೆ ಸಂಬಳ ಕೊಡುತ್ತಿರುವುದೇ ಅದಕ್ಕೆ. ಬಣ್ಣ ಹೊಡೆದು ಬಂದ ಕ್ಯಾಬಿನ್ ಮೇಲೆ ಅಂಗೈ ಆಡಿಸಿ ಧೂಳು, ಗುಳ್ಳೆ, ಇಳಿದ ಬಣ್ಣ ಹಿಡಿಯಬೇಕು. ದೋಸೇನೂ ಬೆಳಕಿಗೆ ಹಿಡಿದು ನೋಡ್ತಾನೆ ಈ ಕೆಂಪರಾಜು ಅಂತ ಹೆಂಡತಿ ವೆಂಕಟಲಕ್ಷ್ಮಿ ಅಕ್ಕಪಕ್ಕದವರ ಹತ್ತಿರ ಆಡಿಕೊಳ್ಳುತ್ತಾಳೆ.

ಆ ಶನಿವಾರ ಹೊಸೂರಿನಲ್ಲಿ ಒಂದೇ ಸಂಜೆ ಐದು ಕಡೆ ಚಿತ್ರಪ್ರದರ್ಶನ. ಐದನೆಯದು ಎಳೆಯರದು. ಚೆನ್ನೈಯಿಂದ ಬರುವ ಮೇಷ್ಟ್ರೊಬ್ಬರು ಆ ಚಿತ್ರಗಳನ್ನೆಲ್ಲ ನೋಡಿ ಒಬ್ಬರನ್ನು ಆರಿಸುತ್ತಾರೆ. ಆರಿಸಿದವರಿಗೆ ಒಂದು ವರ್ಷ ಅವರ ಸ್ಟುಡಿಯೋದಲ್ಲೇ ಪಾಠ, ಊಟ, ಇರೋಕೆ ಜಾಗ. ಪ್ಲಸ್ ಟೂ ಮುಗಿಸಿದಾಗಿನಿಂದ ಭೂಮಿಕಾಗೆ ಅದೊಂದೇ ಜಪ. ಅದು ಸಿಗದಿದ್ದರೆ ಬಿ.ಕಾಂ. ಅಂತ ನಾನೇ ಹೇಳಿಬಿಟ್ಟಿದ್ದೆ.

ಮೊದಲ ಶಿಫ್ಟು ಮುಗಿಸಿ, ಮುಖ ತೊಳೆದು, ನಾಲ್ಕಕ್ಕೆ ಗಾಡಿ ಹತ್ತಿದೆ. ಬಾಗಲೂರು ರಸ್ತೆಯ ಹೋಟೆಲಿನ ಪಡಸಾಲೆಯಲ್ಲಿ ಬೆಟ್ಟ, ಕೆರೆ, ಮತ್ತೆ ಬೆಟ್ಟ. ಬಾಗಿಲಲ್ಲಿ ಕೊಟ್ಟ ಜ್ಯೂಸು ಮುಗಿಯುವುದರೊಳಗೆ ಬೆಟ್ಟಗಳೂ ಮುಗಿದವು. ಎರಡನೆಯದು ಸೋಫಾ ಅಂಗಡಿಯ ಮಹಡಿ. ಅಲ್ಲಿ ಕೂತವರೇ ಹೆಚ್ಚು. ಮೂರನೆಯದು ಹೊಸ ಕಟ್ಟಡದ ಖಾಲಿ ಮಳಿಗೆ. ಗೋಡೆ ಅಗಲದ ಒಂದೇ ಚಿತ್ರ, ಪೂರಾ ಬಿಳಿ. ಅಡ್ಡಕ್ಕೆ ಬಗ್ಗಿ ಬೆಳಕಿಗೆ ನೋಡಿದೆ. ಗಡ್ಡದ ಕಲಾವಿದ ಹತ್ತಿರ ಬಂದ.

"ಏನನ್ನಿಸ್ತು ಸಾರ್?"

"ಕೋಟಿಂಗ್ ಚೆನ್ನಾಗೈತೆ ಸಾರ್. ಎಡಗಡೆ ಮೂಲೇಲಿ ಎರಡು ಕಣ ಧೂಳು ಕೂತದೆ."

ಅವನು ನಕ್ಕ. ಆಮೇಲೆ ಕನ್ನಡಕ ಹಾಕಿಕೊಂಡು ಹೋಗಿ ಆ ಮೂಲೆಯನ್ನು ನೋಡತೊಡಗಿದ.

ತಳಿ ರಸ್ತೆಯ ಶಾಲೆಯಲ್ಲಿ ನಾಲ್ಕನೆಯದು. ಯಾರೋ ತಮಿಳಿನಲ್ಲಿ ಭಾಷಣ ಮಾಡುತ್ತಿದ್ದರು. ಕೈಗೆ ಸಮೋಸ ಬಂತು. ಕಾಲು ಮಾತ್ರ ನಿಲ್ಲಲೊಲ್ಲದು. ಮೇಷ್ಟ್ರು ಬರುವುದು ಆರೂವರೆಗೆ. ಅಷ್ಟರೊಳಗೆ ಅವಳ ಚಿತ್ರದಲ್ಲಿ ಏನಾದರೂ ಕೆಟ್ಟಿದ್ದರೆ? ನೇತುಹಾಕುವಾಗ ಗೀರಿಬಿಟ್ಟಿದ್ದರೆ? ಭಾಷಣ ಅರ್ಧಕ್ಕೇ ಬಿಟ್ಟು, ಸಮೋಸವನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟು ಹೊರಟೆ.

ಐದನೆಯದು ಹಳೇ ಕಲ್ಯಾಣಮಂಟಪದ ಮಹಡಿ. ಕೆಳಗೆ ದೀಪ ಹಚ್ಚುವ ಸಂಭ್ರಮ. ಭೂಮಿಕಾನೂ ಅಲ್ಲೇ ಗುಂಪಿನಲ್ಲಿ ಎಲ್ಲೋ ಇದ್ದಳು. ಮೇಲೆ ಕಾವಲಿನ ಸುಬ್ರಮಣಿ ಒಬ್ಬನೇ. "ಪಾರುಂಗ ಸಾರ್, ತೊಡಾದೀಂಗ," ನೋಡಿ, ಮುಟ್ಟಬೇಡಿ ಅಂದವನು, ತಾನೂ ಟೀ ಕುಡಿಯಲು ಕೆಳಗಿಳಿದ.

ಅವಳ ಚಿತ್ರ ಕಿಟಕಿಯ ಪಕ್ಕದಲ್ಲಿತ್ತು. ನಸುಕಿನಲ್ಲಿ ಕಂಪನಿ ಬಸ್ಸಿಗೆ ಕಾದು ನಿಂತ ಒಂಬತ್ತು ಹೆಂಗಸರು. ಮಂಕು ನೀಲಿ. ಒಬ್ಬೊಬ್ಬರು ನಿಂತ ಭಂಗಿಯೂ ಬೇರೆ. ನನ್ನ ಮಗಳಿಗೆ ಇದು ಎಲ್ಲಿಂದ ಬಂತು ಅಂದುಕೊಳ್ಳುವಷ್ಟರಲ್ಲಿ ಕಣ್ಣು ಅಲ್ಲಿಗೇ ಹೋಯಿತು. ಕೊನೆಯ ಹೆಂಗಸಿನ ಬ್ಯಾಗಿನಿಂದ ಒಂದು ಕೆಂಪು ಕಂದು ಬಣ್ಣ ಸೋರಿ, ಸೀರೆಯ ಮೇಲೆ ಹಾದು, ಚಿತ್ರದ ತಳದವರೆಗೆ ಇಳಿದಿತ್ತು.

ಬಣ್ಣ ಇಳಿಯುವುದು ನಮ್ಮಲ್ಲಿ ಎಲ್ಲಕ್ಕಿಂತ ದೊಡ್ಡ ಅವಮಾನ. ಸ್ಪ್ರೇ ಗನ್ ಹಿಡಿಯಲು ಬಾರದವನ ಗುರುತು ಅದು. ಬೆರಳಲ್ಲಿ ಮೆಲ್ಲಗೆ ಮುಟ್ಟಿದೆ. ಹಿಂದಿನ ನೀಲಿ ಒಣಗಿತ್ತು, ಈ ಕೆಂಪು ಇನ್ನೂ ಹಸಿ. ಒಣಗಿದ ಮೇಲಾದರೆ ಏನೂ ಮಾಡಕ್ಕಾಗಲ್ಲ. ಪ್ಯಾಂಟಿನ ಜೇಬಿನಲ್ಲಿ ಒರೆಸುವ ಬನಿಯನ್ ವೇಸ್ಟ್ ಬಟ್ಟೆ ಇತ್ತು, ಅದಿಲ್ಲದೆ ನಾನು ಎಲ್ಲಿಗೂ ಹೋಗುವವನಲ್ಲ. ಮೇಲಿಂದ ಕೆಳಕ್ಕೆ, ಒಂದೇ ಕೈಯಲ್ಲಿ, ಒತ್ತದೆ, ಮೂರು ಸಲ. ಚೂರೂ ಕಲೆ ಉಳಿಯಲಿಲ್ಲ. ಅಡ್ಡಕ್ಕೆ ನೋಡಿದೆ. ಓಕೆ.

ದೂರ ಹೋಗಿ ನಿಂತು, ಸಮೋಸ ತಿಂದೆ.

ಜನ ಮೇಲೆ ಬಂದರು. ಭೂಮಿಕಾ ನನ್ನನ್ನು ನೋಡಿ "ಆಗ್ಲೇ ಬಂದ್ಬುಟ್ಟಾ?" ಅಂತ ನಕ್ಕಳು. ಚಿತ್ರದ ಕಡೆ ತಿರುಗಿದಳು. ನಗು ಹಾಗೇ ನಿಂತುಹೋಯಿತು.

"ಯಾರು ಒರೆಸಿದ್ದು?"

ಪ್ರದರ್ಶನ ನಡೆಸುತ್ತಿದ್ದ ಹಂಸಾ ಮೇಡಂ ಓಡಿಬಂದರು. ಹೊಸೂರಿನ ಹಳೇ ಮನೆತನದವರು, ಮೂವತ್ತು ವರ್ಷ ಡ್ರಾಯಿಂಗ್ ಟೀಚರಾಗಿದ್ದವರು. ನೇರ ಸುಬ್ರಮಣಿಯನ್ನು ಹಿಡಿದರು. "ನಿನ್ನನ್ನ ಇಲ್ಲಿ ಯಾತಕ್ಕೆ ನಿಲ್ಸಿದ್ದು? ಟೀ ಕುಡಿಯೋಕಾ? ನಾಳೆಯಿಂದ ಬರಬೇಡ." ಅವನು ಟೋಪಿ ಕೈಯಲ್ಲಿ ಹಿಡಿದು, "ಅಮ್ಮಾ, ನಾನ್ ಇಲ್ಲಮ್ಮಾ," ನಾನಲ್ಲ ಅನ್ನುತ್ತಿದ್ದ. ನನ್ನ ಕಡೆ ನೋಡಲೂ ಇಲ್ಲ.

ನಮ್ಮ ಪೇಂಟ್ ಶಾಪಿನಲ್ಲಿ ಕ್ಯಾಬಿನ್ ಮುಟ್ಟಿ ಸರಿಮಾಡಿದವನು ತನ್ನ ಟೋಕನ್ ನಂಬರು ಬರೆಯಬೇಕು. ಬರೆಯದೆ ಜಾರಿಕೊಂಡವನ ಜೊತೆ ಯಾರೂ ಊಟಕ್ಕೆ ಕೂರುವುದಿಲ್ಲ.

"ಅವನನ್ನ ಬಿಡಿ ಮೇಡಂ. ನಾನೇ ಒರೆಸಿದ್ದು. ಬಣ್ಣ ಇಳಿದಿತ್ತು."

"ಇಳಿದಿರ್ಲಿಲ್ಲ ಅಪ್ಪ, ಇಳಿಸಿದ್ದು," ಅಂದಳು ಭೂಮಿಕಾ. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. "ಸಾರು ಅದು. ಅಮ್ಮನ ಸಾರು."

ಆಗ ಕೊನೆಯ ಹೆಂಗಸನ್ನು ಸರಿಯಾಗಿ ನೋಡಿದೆ. ವೆಂಕಟಲಕ್ಷ್ಮಿಯ ಹಾಗೇ ಒಂದು ಭುಜ ಇಳಿಬಿಟ್ಟು ನಿಂತಿದ್ದಳು. ಹೋದ ವರ್ಷ ಒಂದು ದಿನ ಗಾರ್ಮೆಂಟ್ಸ್ ಬಸ್ಸಿಗೆ ನಿಂತಿದ್ದಾಗ ಅವಳ ಬುತ್ತಿ ಸೋರಿ ಸೀರೆಯೆಲ್ಲ ಸಾರಾಗಿತ್ತಂತೆ. ಮನೆಗೆ ಓಡಿಬಂದು ಸೀರೆ ಬದಲಿಸಿದರೆ ಬಸ್ಸು ನಿಲ್ಲಲ್ಲ. ಅದೇ ಸೀರೆಯಲ್ಲಿ ಎಂಟು ಗಂಟೆ ಮಿಷನ್ ಮುಂದೆ ಕೂತಿದ್ದಳು. ನನಗೂ ಹೇಳಿದ್ದಳು. ನಾನು ಡಬ್ಬಿಯ ಮುಚ್ಚಳ ತಿರುಗಿಸಿ ನೋಡಿ, ವಾಷರ್ ಹೋಗಿದೆ ಅಂದಿದ್ದೆ.

"ಇನ್ನು ಕಾಲು ಗಂಟೆ ಐತೆ," ಭೂಮಿಕಾ ಚೀಲದಿಂದ ಬಣ್ಣದ ಪೆಟ್ಟಿಗೆ ತೆಗೆದಳು.

ಹಂಸಾ ಮೇಡಂ ಅವಳ ಕೈ ಹಿಡಿದರು. "ಬೇಡ ಕಣೇ. ನೇತುಹಾಕಿದ ಮೇಲೆ ಬರೆದವರು ಬಣ್ಣ ಮುಟ್ಟಿದ್ರೆ ಆಯ್ಕೆಯಿಂದ ಹೊರಗೆ. ನಿನಗೊಬ್ಬಳಿಗೆ ಅಂತ ಬಿಟ್ಟರೆ ಮಿಕ್ಕ ಮಕ್ಕಳು ಕೇಳಲ್ವಾ? ಹೀಗೇ ಇರ್ಲಿ, ಚೆನ್ನಾಗೇ ಇದೆ. ಮೇಷ್ಟ್ರು ನೋಡ್ಕೊಂಡು ಹೋದ ಮೇಲೆ ಎಷ್ಟು ಬೇಕಾದ್ರೂ ಬರ್ಕೋ."

"ಅವರು ನೋಡೋದು ಇದನ್ನೇ ತಾನೇ ಮೇಡಂ? ಸಾರಿಲ್ದೆ ಇದು ಬರೀ ಬಸ್ಸಿಗೆ ನಿಂತ ಜನ. ಇದಕ್ಕೆ ಸೀಟ್ ಸಿಕ್ರೆ ಅದು ಅಪ್ಪ ಒರೆಸಿದ್ದಕ್ಕೆ ಸಿಕ್ಕಂಗೆ."

"ಮಗಾ, ಒಂದ್ ವರ್ಷದ ಮಾತು ಕಣಮ್ಮ," ಅಂದೆ. "ತಪ್ಪು ನಂದು. ನಾನು ಮೇಷ್ಟ್ರಿಗೆ ಕೈ ಮುಗಿದು ಹೇಳ್ತೀನಿ."

"ಏನಂತ? ಕ್ವಾಲಿಟಿ ಚೆಕ್ ಮಾಡ್ದೆ ಅಂತ್ಲಾ?"

ಪಕ್ಕದಲ್ಲಿದ್ದ ಹುಡುಗಿಯರು ಕಿಸಕ್ಕೆಂದರು. ಭೂಮಿಕಾ ಆಗಲೇ ನೆಲದ ಮೇಲೆ ಕೂತು ಕೆಂಪಿಗೆ ಕಂದು ಕಲಸುತ್ತಿದ್ದಳು. ಹಂಸಾ ಮೇಡಂ ಕೈಯಲ್ಲಿದ್ದ ಪಟ್ಟಿಯಲ್ಲಿ ಒಂದು ಹೆಸರಿನ ಮೇಲೆ ಗೀಟೆಳೆದು, ಸುಬ್ರಮಣಿಯ ಭುಜ ತಟ್ಟಿ, ಮೆಟ್ಟಿಲ ಕಡೆ ಹೋದರು.

ನಾನು ಕಿಟಕಿಗೆ ಹೋದೆ, ಬಾಗಿಲಿಗೆ ಬಂದೆ, ಮತ್ತೆ ಕಿಟಕಿಗೆ.

"ಅಪ್ಪ, ಸುಮ್ನೆ ತಿರುಗಾಡ್ಬೇಡ. ಬಂದು ಇದನ್ನ ಹಿಡ್ಕೋ. ಮೊಳೆಗೆ ಹಾಕಿದ್ರೆ ಮುಂದಕ್ಕೆ ವಾಲುತ್ತೆ, ಬಣ್ಣ ತೊಟ್ಟಿಕ್ಕುತ್ತೆ. ನೆಟ್ಟಗೆ ಹಿಡಿ. ಅಲ್ಲಾಡಿದ್ರೆ ಗೆರೆ ಸೊಟ್ಟ ಬತ್ತದೆ."

ಚಿತ್ರವನ್ನು ಮೊಳೆಯಿಂದ ಇಳಿಸಿ, ಎರಡು ಕೈಯಲ್ಲೂ ಹಿಡಿದು ನಿಂತೆ. ಕುಂಚದ ತುಂಬ ಬಣ್ಣ ತೆಗೆದು ಬ್ಯಾಗಿನ ಮೂಲೆಗೆ ಒತ್ತಿದಳು. ಒಂದು ಹನಿ ಊದಿಕೊಂಡಿತು.

ಅಷ್ಟರಲ್ಲಿ ಮೇಷ್ಟ್ರು ಬಂದರು. ತೆಳ್ಳಗಿನ ಮನುಷ್ಯ, ಹವಾಯಿ ಚಪ್ಪಲಿ. ನಮ್ಮ ಹಿಂದೆ ನಿಂತು ಹಂಸಾ ಮೇಡಂ ಅವರನ್ನು ತಮಿಳಿನಲ್ಲಿ ಕೇಳಿದರು, ಈ ಹುಡುಗಿ? ಪಟ್ಟಿಯಲ್ಲಿಲ್ಲ ಅಂದರು ಮೇಡಂ. ಮೇಷ್ಟ್ರು ಇನ್ನಷ್ಟು ಹೊತ್ತು ಅಲ್ಲೇ ಇದ್ದರು. ಅವರ ಉಸಿರು ಕೇಳುತ್ತಿತ್ತು. ಆಮೇಲೆ ಚಪ್ಪಲಿಯ ಸದ್ದು ಮುಂದಿನ ಚಿತ್ರಕ್ಕೆ ಸರಿಯಿತು. ಭೂಮಿಕಾಳ ಕಿವಿ ಕೆಂಪಗಾಗಿತ್ತು. ತಿರುಗಿ ನೋಡಲಿಲ್ಲ.

"ಬಿ.ಕಾಂ. ಅಂತ ಈಗ ಬಾಯಿ ತೆಗೀಬೇಡ," ಅಂದಳು.

"ತೆಗೆಯಲ್ಲ. ಇವತ್ತೂ ತೆಗೆಯಲ್ಲ, ನಾಳೆನೂ ತೆಗೆಯಲ್ಲ."

ಹನಿ ಇಳಿಯತೊಡಗಿತು. ಸೀರೆಯ ಮೇಲೆ ಬಂದು ನಿಂತಿತು.

"ನಿಂತೋಯ್ತು ಕಣಮ್ಮ."

"ನಿಲ್ಲಲ್ಲ. ಕಾಯಿ."

ಮೆಟ್ಟಿಲ ಮೇಲೆ ವೆಂಕಟಲಕ್ಷ್ಮಿಯ ದನಿ ಕೇಳಿಸಿತು. ಶಿಫ್ಟು ಮುಗಿಸಿ ನೇರ ಬಂದಿದ್ದಳು. "ಎಲ್ಲೈತಪ್ಪಾ ನನ್ ಮಗಳದು?" ಅಂತ ಸುಬ್ರಮಣಿಯನ್ನು ಕೇಳುತ್ತಿದ್ದಳು.

"ಅಪ್ಪ, ಆ ಕಡೆ ನೋಡ್ಬೇಡ," ಅಂದಳು ಭೂಮಿಕಾ. "ತಳ ಮುಟ್ಟೋಕೆ ಇನ್ನು ನಾಲ್ಕು ಬೆರಳು ಐತೆ."